ರಾತ್ರಿ ಉತ್ತರಿಸಿದರೆ ಮಾತ್ರ ನಿಷ್ಠೆಯೇ?
ರಾತ್ರಿ ಬಂದ ಮೆಸೇಜಿಗೂ ತಕ್ಷಣ ಉತ್ತರಿಸುವವರೇ ನಿಜವಾದ ಕೆಲಸಗಾರರು ಎಂದು ಕೆಲಸದ ನಿಷ್ಠೆ ಕುರಿತ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ನಾನೂ ಸಾಫ್ಟ್‌ವೇರ್ ಕೆಲಸದವನೇ, ಇದನ್ನು ಒಪ್ಪಲಾರೆ. ಸರ್ವರ್ ಡೌನ್ ಆದರೆ ಎದ್ದು ಕೂರಲೇಬೇಕು, ಸರಿ. ಅದಕ್ಕೆ ಆನ್‌ಕಾಲ್ ಸರದಿ (ತುರ್ತು ಕರೆಗೆ ಸಿದ್ಧರಿರುವ ಪಾಳಿ) ಇದೆ. ಆದರೆ "ಆ ಫೈಲ್ ಎಲ್ಲಿದೆ" ಅನ್ನೋ ಪ್ರಶ್ನೆ ಬೆಳಿಗ್ಗೆವರೆಗೆ ಕಾಯಬಹುದು ಅಲ್ವಾ? ನಿದ್ದೆಗಣ್ಣಲ್ಲಿ ಮರ್ಜ್ ಮಾಡಿದ (ಮುಖ್ಯ ಪ್ರೋಗ್ರಾಮಿಗೆ ಸೇರಿಸಿದ) ಕೋಡನ್ನು ಸರಿಪಡಿಸಲು ಮಾರನೇ ದಿನ ಇಡೀ ತಂಡ ಕೂರಬೇಕಾಗುತ್ತದೆ. ದಿನಕ್ಕೆ 8 ಗಂಟೆ ಕೆಲಸ ಎಂಬ ಅಂತರರಾಷ್ಟ್ರೀಯ ಒಪ್ಪಂದ ಆಗಿದ್ದೇ 1919ರಲ್ಲಿ. ಕೆಲಸದ ಹೊತ್ತು ಮುಗಿದ ಮೇಲೆ ಫೋನ್ ಬದಿಗಿಡುವ ಹಕ್ಕು ಫ್ರಾನ್ಸಿನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ ಕಾನೂನಿನಲ್ಲೇ ಇದೆ. ಈಗ ಎಐ ಬಂದಿದೆ, ಕೆಲಸ ಬೇಗ ಮುಗಿಯುತ್ತದೆ ಅಂತಾರೆ. ಉಳಿದ ಸಮಯ ಯಾರ ಪಾಲಿಗೆ? ನಮ್ಮ ತಂಡದಲ್ಲಂತೂ ಟಿಕೆಟ್‌ಗಳೇ, ಅಂದರೆ ನಮಗೆ ಹಂಚುವ ಕೆಲಸಗಳೇ, ಜಾಸ್ತಿಯಾಗಿವೆ. ಇದರ ಬಗ್ಗೆಯೂ ಲೇಖಕರು ಬರೆಯಬೇಕು.