ಒಂದೇ ಹಾಡು, ಹನ್ನೆರಡು ಸಿ.ಡಿ.

ಮೊನ್ನೆ ದಾವಣಗೆರೆಗೆ ಬಂದಾಗ ಅಕ್ಕನ ಮಗಳಿಗೆಂದು ಟೋಕಿಯೋದಿಂದ ಒಂದು ಸಿ.ಡಿ. ತಂದಿದ್ದೆ. ಹುಡುಗಿ ಪಿಯುಸಿ. ಜಪಾನಿ ಕಾರ್ಟೂನು, ಜಪಾನಿ ಹಾಡು ಅಂದರೆ ಪ್ರಾಣ ಬಿಡುತ್ತಾಳೆ. ಹೊಳೆಯುವ ಪೊಟ್ಟಣ, ಒಳಗೆ ಹಾಡುಗಾರ್ತಿಯ ಪುಟ್ಟ ಫೋಟೊ, ಸಾಹಿತ್ಯದ ಪುಸ್ತಿಕೆ. ಕುಣಿದಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಹಿಂದೆ ಮುಂದೆ ತಿರುವಿ ನೋಡಿ, "ಮಾಮ, ಇದನ್ನ ಎಲ್ಲಿಗೆ ಹಾಕದು?" ಅಂದಳು. ಹೌದಲ್ಲ, ಆ ಮನೆಯಲ್ಲಿ ಸಿ.ಡಿ. ಹಾಕುವಂಥದ್ದು ಏನೂ ಇಲ್ಲ. "ಈ ಹಾಡು ನನ್ನ ಫೋನಲ್ಲೇ ಐತೆ. ದುಡ್ಡು ಕೊಟ್ಟು ತಂದ್ಯಾ?"

ಭಾವ ಕೂತಲ್ಲಿಂದಲೇ ಬೆಲೆ ಕೇಳಿದರು. 1500 ಯೆನ್, ನಮ್ಮ ಲೆಕ್ಕದಲ್ಲಿ 800 ರೂಪಾಯಿ ಮೇಲೆ ಅಂದೆ. "ಒಂದು ಹಾಡಿಗೆ? ಅಷ್ಟ್ರಲ್ಲಿ ನಾವು ಮನೆ ಮಂದಿ ಬೆಣ್ಣೆ ದೋಸೆ ತಿಂದು ಸೆಕೆಂಡ್ ಶೋನೂ ನೋಡ್ಕೊಂಡು ಬರ್ತೀವಲ್ಲೋ" ಅಂತ ನಕ್ಕರು.

ಆ ನಗು ನನಗೆ ನಾಟಿತು. ಯಾಕಂದರೆ ಆ ಸಿ.ಡಿ. ನಾನು ಕೊಂಡದ್ದೇ ಅಲ್ಲ, ಟೋಕಿಯೋದ ನಮ್ಮ ಆಫೀಸಿನ ಅಕೌಂಟ್ಸ್ ವಿಭಾಗದ ಹೆಂಗಸು ಸುಮ್ಮನೆ ಕೊಟ್ಟದ್ದು. ಆಕೆ ಹನ್ನೆರಡು ಕೊಂಡಿದ್ದರು. ಒಂದೇ ಹಾಡಿನ ಹನ್ನೆರಡು ಪ್ರತಿ. ಅದನ್ನು ಭಾವನಿಗೆ ಹೇಳುವ ಧೈರ್ಯ ಬರಲಿಲ್ಲ.

ಆಕೆಯ ಜೊತೆ ಒಮ್ಮೆ ಟೋಕಿಯೋದ ಶಿಬುಯಾದಲ್ಲಿರುವ ಟವರ್ ರೆಕಾರ್ಡ್ಸ್ ಎಂಬ ಸಿ.ಡಿ. ಅಂಗಡಿಗೆ ಹೋಗಿದ್ದೆ. ಅಮೆರಿಕದಲ್ಲಿ ಹುಟ್ಟಿದ ಅಂಗಡಿ; ತವರಿನಲ್ಲಿ 2006ರಲ್ಲೇ ದಿವಾಳಿಯಾಗಿ ಬಾಗಿಲು ಹಾಕಿತು, ಟೋಕಿಯೋದಲ್ಲಿ ಮಾತ್ರ ಮಹಡಿ ಮೇಲೆ ಮಹಡಿ ಗಿಜಿಗಿಜಿ. ಅಂದು ಮಂಗಳವಾರ ಸಂಜೆ. ಅಲ್ಲಿ ಹೊಸ ಸಿಂಗಲ್‌ಗಳ, ಅಂದರೆ ಒಂದು ಹಾಡನ್ನೇ ಮುಂದಿಟ್ಟು ಬರುವ ಸಿ.ಡಿ.ಗಳ, ಬಿಡುಗಡೆ ಸಾಮಾನ್ಯವಾಗಿ ಬುಧವಾರ, ಆದರೆ ಮಾಲು ಹಿಂದಿನ ದಿನವೇ ಅಂಗಡಿಗೆ ಬಂದಿರುತ್ತದೆ. ಆಫೀಸು ಬಿಟ್ಟವರು ಸೀದಾ ಬಂದು ಸಾಲು ನಿಲ್ಲುತ್ತಾರೆ. ಮೊದಲ ವಾರದ ಮಾರಾಟದಲ್ಲೇ ತಮ್ಮ ಹಾಡು ಪಟ್ಟಿಯ ಮೇಲಕ್ಕೇರಬೇಕು ಅನ್ನುವುದು ಅವರ ಆಸೆ. ಮಾರಾಟ ಎಣಿಸಿ 1968ರಿಂದ ಹಾಡುಗಳ ಪಟ್ಟಿ ಹಾಕುತ್ತಿರುವ ಓರಿಕಾನ್ ಸಂಸ್ಥೆಯ ಲೆಕ್ಕದಲ್ಲಿ ವಾರ ಅಂದರೆ ಸೋಮವಾರದಿಂದ ಭಾನುವಾರ. ಮಂಗಳವಾರವೇ ಕೊಂಡರೆ ಒಂದು ದಿನ ಜಾಸ್ತಿ ಸಿಕ್ಕಿತು. ಮುಂದಿನ ವಾರ ಕೊಂಡರೆ? "ಕೇಳೋಕೆ ಅಡ್ಡಿಯಿಲ್ಲ, ಲೆಕ್ಕಕ್ಕೆ ಬರಲ್ಲ" ಅಂದರು ಆಕೆ. ಕಾಪಿಪುಸ್ತಕ ಕೊಳ್ಳುವ ಹಾಗೆ ನಿರುಮ್ಮಳವಾಗಿ ಬುಟ್ಟಿಗೆ ಒಂದೊಂದೇ ಇಟ್ಟುಕೊಳ್ಳುತ್ತಿದ್ದರು. ಹೊದಿಕೆಯ ಚಿತ್ರ ಬೇರೆ ಬೇರೆ ಇರುವ ಎರಡು ಮೂರು ಬಗೆ, ಸೀಮಿತ ಮುದ್ರಣವೊಂದು, ಮಾಮೂಲಿಯದೊಂದು. ಮೊದಲನೇ ಹಾಡು ಎಲ್ಲದರಲ್ಲೂ ಅದೇ.

ಇದು ಹುಚ್ಚಿನ ಸಣ್ಣ ರೂಪ. ದೊಡ್ಡದು ಬೇಕಾದರೆ ಎಕೆಬಿ48 ಎಂಬ ಹುಡುಗಿಯರ ತಂಡವನ್ನು ನೋಡಬೇಕು. ಸಿ.ಡಿ.ಯೊಳಗೆ ಚೀಟಿ, ಆ ಚೀಟಿ ಹಿಡಿದು ಹೋದರೆ ಮೆಚ್ಚಿನ ಹುಡುಗಿಯ ಕೈ ಕುಲುಕಿ ನಾಲ್ಕು ಮಾತಾಡಬಹುದಿತ್ತು, ಅದೂ ಕೆಲವೇ ಸೆಕೆಂಡು. 2009ರಿಂದ 2018ರವರೆಗೆ ಯಾವ ಹುಡುಗಿ ಜನಕ್ಕೆ ಹೆಚ್ಚು ಮೆಚ್ಚು ಅಂತ ತಂಡದೊಳಗೇ ಚುನಾವಣೆ ನಡೆಸಿದರು, ಮತಚೀಟಿಯೂ ಸಿ.ಡಿ.ಯೊಳಗೇ. ನೂರು ಕೊಂಡವನಿಗೆ ನೂರು ಓಟು. ಎಷ್ಟೋ ಸಿಂಗಲ್‌ಗಳು ಮೊದಲ ವಾರದಲ್ಲೇ ಹತ್ತು ಲಕ್ಷ ದಾಟಿದ ಗುಟ್ಟು ಇದು. ಭಾವನಿಗೆ ಇಷ್ಟು ಹೇಳಿದಾಗ, "ದುಡ್ಡಿದ್ದಷ್ಟು ಓಟು ತಾನೆ? ಅದಕ್ಕೆ ಜಪಾನಿಗ್ಯಾಕೆ ಹೋಗ್ಬೇಕು" ಅಂದರು. ಉತ್ತರ ಹೊಳೆಯಲಿಲ್ಲ.

ಹುಚ್ಚು ಹುಚ್ಚೇ. ಆದರೂ ನನಗೆ ಅದರಲ್ಲಿ ಒಂದು ಮರ್ಯಾದೆ ಕಾಣುತ್ತದೆ: ಹಾಡಿಗೆ ದುಡ್ಡು ಕೊಡುತ್ತಾರೆ. ನಮ್ಮಲ್ಲಿ ಅಭಿಮಾನಕ್ಕೆ ಏನೇನೋ ಸುರಿಯುತ್ತೇವೆ. ಕಟೌಟಿಗೆ ಹಾಲು, ಕ್ರೇನಿನಲ್ಲಿ ಸೇಬಿನ ಹಾರ, ಪಟಾಕಿ, ಮೊದಲ ದಿನ ನಾಲ್ಕೂ ಶೋ. ಹಾಡಿಗೆ ಮಾತ್ರ ಬಿಡಿಗಾಸು ಇಲ್ಲ. ಹಾಡು ಅಂದರೆ ಪಿಕ್ಚರಿನ ಜೊತೆ ಪುಕ್ಕಟೆ ಬರುವ ಸಾಮಾನು, ಸೊಪ್ಪಿನವಳು ಕೊಸರಿಗೆ ಹಾಕುವ ಕರಿಬೇವಿನ ಹಾಗೆ. ಕಳೆದ ಸಲ ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟು ಹಾಕಿದ್ದಾಗ ಪಕ್ಕದ ಆಟೊದಲ್ಲಿ ಒಂದು ಹಾಡು ಭೋರ್ಗರೆಯುತ್ತಿತ್ತು. ಚೆನ್ನಾಗಿತ್ತು, ಬರೆದವರು ಯಾರು ಅಂತ ಡ್ರೈವರನ್ನು ಕೇಳಿದೆ. ಅವನು ಹೀರೊ ಹೆಸರು ಹೇಳಿದ!

ನಾನೇನು ಸಾಚಾನಾ? ಹೈಸ್ಕೂಲಿನಲ್ಲಿದ್ದಾಗ ಚೌಕಿಪೇಟೆಯ ಹತ್ತಿರ ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿಸಿಕೊಡುವ ಅಂಗಡಿಯಿತ್ತು. ಹಾಡುಗಳ ಪಟ್ಟಿ ಬರೆದುಕೊಟ್ಟು ಬಂದರೆ ಮರುದಿನ ಸಂಜೆಗೆ ತಯಾರು. ಕ್ಯಾಸೆಟ್ ಮಾತ್ರ ಒಳ್ಳೇದೇ ಆಗಬೇಕು, ಟಿಡಿಕೆ 60. ಆಗ ಜಂಬಪಟ್ಟಿದ್ದು ಈಗ ನೆನೆದರೆ ನಗು ಬರುತ್ತದೆ. ಆ ಟಿಡಿಕೆ ಜಪಾನಿನದು. ನಮ್ಮ ಹಾಡು ಬರೆದವರಿಗೆ, ಹಾಡಿದವರಿಗೆ ಚಿಕ್ಕಾಸು ಹೋಗಲಿಲ್ಲ. ನನ್ನ ದುಡ್ಡು ಹೋದದ್ದು ಅಂಗಡಿಯವನಿಗೆ ಮತ್ತು ಜಪಾನಿನ ಟೇಪಿಗೆ. ಚಿತ್ರಗೀತೆ ಬರೆದವರಿಗೂ ರಾಗ ಹಾಕಿದವರಿಗೂ ರಾಯಲ್ಟಿಯ ಹಕ್ಕು ತಪ್ಪಬಾರದು ಅಂತ ಕಾಪಿರೈಟ್ ಕಾಯ್ದೆ ತಿದ್ದಿದ್ದೇ 2012ರಲ್ಲಿ. ಅಷ್ಟರಲ್ಲಿ ಕ್ಯಾಸೆಟ್ಟಿನ ಕಾಲವೇ ಮುಗಿದಿತ್ತು.

ಈಗಿನ ಹುಡುಗರು ಇನ್ನೂ ಸಲೀಸು ದಾರಿ ಹಿಡಿದಿದ್ದಾರೆ. ಚಿಕ್ಕಪ್ಪನ ಮಗ ಆಗಾಗ ವಾಟ್ಸಾಪ್ ಕಳಿಸುತ್ತಾನೆ: "ಅಣ್ಣಾ, ಬಾಸ್ ಸಾಂಗ್ ಬಿಟ್ಟಾರೆ, 24 ಗಂಟೆಯೊಳಗೆ ರೆಕಾರ್ಡ್ ಆಗ್ಬೇಕು, ಎಲ್ಲಾ ಫೋನಲ್ಲೂ ನೋಡು." ನಿರ್ಮಾಪಕರು ಜಾಹೀರಾತಿಗೆ ದುಡ್ಡು ಸುರಿದು ಮೊದಲ ದಿನದ ಅಂಕಿ ಉಬ್ಬಿಸುವುದನ್ನು ಕಂಡೇ ಯೂಟ್ಯೂಬ್ 2019ರಲ್ಲಿ ಜಾಹೀರಾತಿನಿಂದ ಬಂದ ನೋಟಗಳನ್ನು ತನ್ನ 24 ಗಂಟೆಯ ದಾಖಲೆ ಲೆಕ್ಕದಿಂದ ಬಿಟ್ಟಿತು. ನಮ್ಮ ಹುಡುಗನ ಉತ್ಸಾಹ ಅದರಿಂದ ಕಡಿಮೆಯೇನೂ ಆಗಿಲ್ಲ. ಸೌಂಡು ಸಣ್ಣ ಮಾಡಿ ಫೋನನ್ನು ತಲೆದಿಂಬಿನ ಹತ್ತಿರ ಇಟ್ಟು ಮಲಗುತ್ತಾನಂತೆ. ಹಾಡು ರಾತ್ರಿಯಿಡೀ ತನ್ನಷ್ಟಕ್ಕೆ ಓಡುತ್ತಿರುತ್ತದೆ.

ಇಷ್ಟೆಲ್ಲ ಬೈದ ಮೇಲೆ ಒಂದು ಮಾತು ಒಪ್ಪಿಕೊಳ್ಳಲೇಬೇಕು. 2017ರಲ್ಲಿ ಜಪಾನಿನ ಫುಕುವೋಕಾ ಕಡೆ ಎಕೆಬಿ48ರ ಒಬ್ಬ ಅಭಿಮಾನಿ ಮತಚೀಟಿ ಎತ್ತಿಕೊಂಡು 585 ಸಿ.ಡಿ.ಗಳನ್ನು ಗುಡ್ಡದಲ್ಲಿ ಸುರಿದು ಪೊಲೀಸರ ಕೈಗೆ ಸಿಕ್ಕಿಬಿದ್ದ. ಹಾಡಿಗೆ ಮರ್ಯಾದೆ ಅಂದೆನಲ್ಲ, ಅದರ ಗತಿ ಇದು. ಓರಿಕಾನ್‌ನಂತೆಯೇ ಹಾಡುಗಳ ಪಟ್ಟಿ ಹಾಕುವ ಬಿಲ್‌ಬೋರ್ಡ್ ಜಪಾನ್‌ನವರು ತಮ್ಮ ಪಟ್ಟಿಯಲ್ಲಿ ಮಿತಿ ದಾಟಿದ ಸಿ.ಡಿ. ಮಾರಾಟದ ತೂಕ ಇಳಿಸಿ, ಸ್ಟ್ರೀಮಿಂಗು, ಕರಾವೋಕೆಯನ್ನೂ ಸೇರಿಸಿಕೊಂಡಿದ್ದು ಸುಮ್ಮನೆ ಅಲ್ಲ. ಒಂದನೇ ನಂಬರಿನ ಹಾಡನ್ನು ನಮ್ಮ ರೈಲಿನಲ್ಲಿ ಯಾರೂ ಗುನುಗಿದ್ದು ನಾನು ಕೇಳಿಲ್ಲ. (ಅಲ್ಲಿ ರೈಲಿನಲ್ಲಿ ಯಾರೂ ಏನನ್ನೂ ಗುನುಗುವುದಿಲ್ಲ, ಅದು ಬೇರೆ ಮಾತು.) ಇಲ್ಲಿ ಮಂಡಕ್ಕಿ ಮಿರ್ಚಿ ಅಂಗಡಿ ಮುಂದೆ ನಿಂತಿದ್ದಾಗ, ಯಾರೂ ದುಡ್ಡು ಕೊಡದ ನಲವತ್ತು ವರ್ಷದ ಹಳೇ ಹಾಡೊಂದು ಬಂತು. ಮಿರ್ಚಿ ಕರಿಯುವವರೂ ನಮ್ಮ ಭಾವನೂ ಒಟ್ಟಿಗೆ ಎರಡನೇ ಚರಣ ಎತ್ತಿಕೊಂಡರು.

ಅಲ್ಲೇ ಭಾವ ನನ್ನ ಮಾನ ಕಳೆದರು. "ನೀನೇನು ಕಮ್ಮಿ ಇದ್ಯಾ? ಭದ್ರಾವತಿ ರೇಡಿಯೋಗೆ ಕಾರ್ಡ್ ಬರೀತಿದ್ದಿದ್ದು ಮರ್ತ್ಯಾ?" ಮರೆತಿರಲಿಲ್ಲ, ಹೇಳಬಾರದು ಅಂದುಕೊಂಡಿದ್ದೆ. ಕೋರಿಕೆಯ ಚಿತ್ರಗೀತೆಗೆ ಹದಿನೈದು ಪೈಸೆಯ ಕಾರ್ಡು. ಒಂದೇ ಹಾಡಿಗೆ ನನ್ನ ಹೆಸರಲ್ಲೊಂದು, ಅಕ್ಕನ ಹೆಸರಲ್ಲೊಂದು, ಅಜ್ಜಿಯ ಹೆಸರಲ್ಲೊಂದು, ಎದುರು ಮನೆಯವರ ಹೆಸರಲ್ಲಿ ಮೂರು, ಅಕ್ಷರ ಗೊತ್ತಾಗದಿರಲಿ ಅಂತ ಕೆಲವು ಎಡಗೈಯಲ್ಲಿ. ಒಟ್ಟು ಎಂಟೋ ಒಂಬತ್ತೋ. ಹಾಡು ಬಂದಾಗ ಕೇಳಿದೆನೋ ಇಲ್ಲವೋ ನೆನಪಿಲ್ಲ. ಅದಕ್ಕೆ ಮುಂಚೆ ಓದಿದ ಹೆಸರುಗಳಲ್ಲಿ ನಮ್ಮಜ್ಜಿಯ ಹೆಸರು ಬಂದದ್ದು ಮಾತ್ರ ಕಿವಿಯಲ್ಲಿದೆ.

ಟೋಕಿಯೋಗೆ ವಾಪಸಾದ ಮೇಲೆ ಅಕೌಂಟ್ಸ್ ಹೆಂಗಸು ಕೇಳಿದರು, ಹುಡುಗಿಗೆ ಹಾಡು ಹಿಡಿಸಿತಾ ಅಂತ. ಫೋಟೊ ತೆಗೆದು ಫೋನಿನ ಕವರಿನೊಳಗೆ ಸಿಕ್ಕಿಸಿಕೊಂಡು ಸಿ.ಡಿ.ಯನ್ನು ಟಿವಿ ಹಿಂದೆ ಇಟ್ಟಳು ಅಂತ ಹೇಳಲಾರದೆ, ತುಂಬಾ ಹಿಡಿಸಿತು ಅಂದೆ. ಆಕೆಯ ಮುಖ ಅರಳಿತು. ಮರುದಿನ ಇನ್ನೆರಡು ಸಿ.ಡಿ. ತಂದುಕೊಟ್ಟರು, ಅಕ್ಕನಿಗೊಂದು, ಭಾವನಿಗೊಂದು.