ಸುಟ್ಟಿದ್ದಷ್ಟೇ ಅಲ್ಲ, ಮಾರಿದ್ದೂ ಇದೆ

ಕಳೆದುಹೋದ ಹಳೆಯ ಚಿತ್ರಗಳ ಬಗ್ಗೆ ನಿಮ್ಮ ಲೇಖನ ಚೆನ್ನಾಗಿದೆ, ಆದರೆ ಒಂದು ತಿದ್ದುಪಡಿ. ಭಾರತದ ಮೊದಲ ಟಾಕಿ (ಮಾತಿನ ಚಿತ್ರ) 'ಆಲಂ ಆರಾ' (1931) ಪ್ರತಿ 2003ರಲ್ಲಿ ಪುಣೆಯ ರಾಷ್ಟ್ರೀಯ ಚಿತ್ರ ಭಂಡಾರದ ಬೆಂಕಿಯಲ್ಲಿ ಸುಟ್ಟುಹೋಯಿತು ಎಂದು ಬರೆದಿದ್ದೀರಿ. ಆ ಬೆಂಕಿಯಲ್ಲಿ ಎಷ್ಟೋ ಹಳೆಯ ಚಿತ್ರ ಹೋದವು, ನಿಜ. ಆದರೆ ಆಲಂ ಆರಾ ಅಲ್ಲಿ ಇರಲೇ ಇಲ್ಲ. ಚಿತ್ರ ಭಂಡಾರ ಶುರುವಾಗಿದ್ದೇ 1964ರಲ್ಲಿ. ಅದನ್ನು ಕಟ್ಟಿ ಬೆಳೆಸಿದ ಪಿ.ಕೆ. ನಾಯರ್ ಅವರೇ, ಆ ಚಿತ್ರ ನಮ್ಮ ಕೈಗೆ ಸಿಗಲೇ ಇಲ್ಲ ಎಂದು ಹೇಳಿದ್ದರು.

ಬೆಂಕಿಯನ್ನು ಬೈಯುವುದು ಸುಲಭ, ಅಲ್ವಾ? ಆಗಿನ ರೀಲು ನೈಟ್ರೇಟ್ ಎಂಬ ಬೇಗ ಹೊತ್ತಿಕೊಳ್ಳುವ ವಸ್ತುವಿನದು, ಹೊತ್ತಿಕೊಂಡರೆ ನೀರೊಳಗೂ ಉರಿಯುತ್ತಿತ್ತು. ಆದರೆ ಓಡಿಸಿ ಓಡಿಸಿ ಸವೆದ ರೀಲನ್ನು ಅದರೊಳಗಿನ ಬೆಳ್ಳಿಗಾಗಿ ಮಾರಿದವರೂ ಕಡಿಮೆ ಇರಲಿಲ್ಲ. ಓಟ ಮುಗಿದ ಸಿನಿಮಾಕ್ಕೆ ಆಗ ಬೆಲೆಯೇ ಇರಲಿಲ್ಲ.

ಕನ್ನಡದ ಮೊದಲ ಟಾಕಿ 'ಸತಿ ಸುಲೋಚನಾ' (1934) ಕೂಡ ಈಗ ಸಿಗುವುದಿಲ್ಲ. ಅದರ ಶೂಟಿಂಗ್ ಆಗಿದ್ದು ಕೊಲ್ಹಾಪುರದಲ್ಲಿ. ನಮ್ಮ ಹುಬ್ಬಳ್ಳಿಗೆ ಬೆಂಗಳೂರಿಗಿಂತ ಹತ್ತಿರದ ಊರು! ಆಗ ಧಾರವಾಡ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲೇ ಇತ್ತು. ಹಾಗಾಗಿ ಹುಡುಕುವುದಾದರೆ ಬೆಂಗಳೂರು, ಮೈಸೂರು ಮಾತ್ರ ಸಾಲದು, ಈ ಕಡೆಯೂ ನೋಡಬೇಕು. ರೀಲು ಸಿಗುತ್ತದೆ ಎಂಬ ಆಸೆ ನನಗಿಲ್ಲ. ಆದರೆ ಆಗ ಚಿತ್ರಮಂದಿರಗಳಲ್ಲಿ ಹಾಡಿನ ಪುಸ್ತಕ ಮಾರುತ್ತಿದ್ದರು, ಕರಪತ್ರ ಹಂಚುತ್ತಿದ್ದರು. ಗದಗ ಅಂತೂ ಮುದ್ರಣಕ್ಕೇ ಹೆಸರಾದ ಊರು. ಅಂಥವು ಯಾರದಾದರೂ ಟ್ರಂಕಿನಲ್ಲಿ ಇರಬಹುದು. ಸಿಕ್ಕರೆ ರದ್ದಿಗೆ ಹಾಕುವ ಮೊದಲು ಒಂದು ಫೋಟೋ ತೆಗೆದು ಪುಣೆಯ ಭಂಡಾರಕ್ಕೆ ಕಳಿಸಿ. ರೀಲು ಸಿಗದ ಚಿತ್ರಕ್ಕೆ ಕಥೆ, ಹಾಡು, ನಟರ ಹೆಸರು ಗೊತ್ತಾಗುವುದು ಇಂಥ ಕಾಗದದಿಂದಲೇ.