ಹೆಸರು ಬರೆಸಿದ್ರೆ 50 ಲಕ್ಷ ಬರುತ್ತಾ?

ಕೋಲಾರ, ಮುಳಬಾಗಿಲು ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜು ಓಡಾಡುತ್ತಿದೆ: ವಂಶದಿಂದ ಬಂದ ಕಿಡ್ನಿ ಕಾಯಿಲೆ ಇದ್ದವರು ರೋಗಿಗಳ ನೋಂದಣಿಯಲ್ಲಿ (ವೈದ್ಯರು ರೋಗಿಗಳ ವಿವರ ಸೇರಿಸಿಡುವ ಪಟ್ಟಿ) ಹೆಸರು ಬರೆಸಿದರೆ 50 ಲಕ್ಷ ಖಾತೆಗೆ ಬೀಳುತ್ತದಂತೆ. ಇದು ಸುಳ್ಳು. 50 ಲಕ್ಷ ಅನ್ನೋದು 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಸಿಗುವ ನೆರವಿನ ಗರಿಷ್ಠ ಮಿತಿ. ಅದೂ ಚಿಕಿತ್ಸೆಗೆ, ಸರ್ಕಾರ ಗುರುತಿಸಿದ ಕೇಂದ್ರದ ಮೂಲಕ. ರೋಗಿಯ ಪಾಸ್‌ಬುಕ್‌ಗಲ್ಲ.

ನೋಂದಣಿ ಬೇರೆಯೇ ವಿಷಯ. ಅಲ್ಲಿ ಬೇಕಾಗುವುದು ರಕ್ತದ ಕ್ರಿಯಾಟಿನಿನ್ (ಕಿಡ್ನಿ ಸರಿಯಾಗಿ ಸೋಸದಿದ್ದರೆ ಏರುವ ಕಲ್ಮಶ) ಯಾವ ವಯಸ್ಸಲ್ಲಿ ಏರಿತು, ಸೋದರಮಾವನಿಗೂ ಡಯಾಲಿಸಿಸ್ ಆಗಿತ್ತಾ, ಕಿವಿ ಮಂದವಾ ಎಂಬಂಥ ವಿವರ. ವಂಶದಿಂದ ಬರುವ ಆಲ್ಪೋರ್ಟ್ ಎಂಬ ಕಾಯಿಲೆಯಲ್ಲಿ ಕಿಡ್ನಿ ಜೊತೆ ಕಿವಿಯೂ ಕೆಡಬಹುದು, ಅದಕ್ಕೇ ಆ ಪ್ರಶ್ನೆ. ಒಂದೂರಲ್ಲಿ ಇಂಥ ಒಬ್ಬರು ಸಿಗೋದೇ ಕಷ್ಟ ಅಲ್ವಾ? ಎಲ್ಲರ ವಿವರ ಒಂದೆಡೆ ಸೇರಿದರೆ ಕಾಯಿಲೆ ಹೇಗೆ ಮುಂದುವರಿಯುತ್ತದೆ ಅಂತ ವೈದ್ಯರಿಗೆ ತಿಳಿಯುತ್ತದೆ. ಒಪ್ಪಿಗೆ ಪತ್ರ ಓದಿ ಸಹಿ ಹಾಕಿ. ಯಾರಾದರೂ ಓಟಿಪಿ ಕೇಳಿದರೆ ಸುಮ್ನೆ ಫೋನ್ ಇಟ್ಟುಬಿಡಿ.